ಕಿವುಡನ್ನವರ ಕಾಲಿನ ಅರ್ಜಿ

ಬೆಂಗಳೂರು, ಮೈಸೂರು ಕಡೆಯ ಮಂದಿ ಪುಣ್ಯವಂತರು. ಹೆಸರಿನ ಪಕ್ಕ ಒಂದು ಇಂಗ್ಲಿಷ್ ಅಕ್ಷರ, ಅಕ್ಷರದ ಪಕ್ಕ ಒಂದು ಚುಕ್ಕಿ ಇಟ್ಟುಕೊಂಡು ಇಡೀ ಜನ್ಮ ಕಳೆದುಬಿಡುತ್ತಾರೆ. ನಮ್ಮ ಕಡೆ ಹಾಗಲ್ಲ, ಇಲ್ಲಿ ಅಡ್ಡಹೆಸರು ಎಂಬುದೊಂದಿದೆ. ಮನುಷ್ಯ ಸತ್ತರೂ ಅದು ಸಾಯುವುದಿಲ್ಲ; ಹೆಣ ಮನೆಯಿಂದ ಹೊರಡುವ ಮೊದಲೇ ಮಗನ ಹೆಗಲೇರಿ ಕೂತಿರುತ್ತದೆ. ನಮ್ಮ ಓಣಿಯಲ್ಲೇ ನೋಡಿ: ಎದುರು ಮನೆಯವರು ಉಳ್ಳಾಗಡ್ಡಿ, ಬಾಜೂದವರು ಮೆಣಸಿನಕಾಯಿ, ಮೂಲೆಯವರು ಹಿಟ್ಟಿನ. ಮೂವರ ಮನೆಯ ಲಗ್ನಪತ್ರಿಕೆ ಒಟ್ಟಿಗಿಟ್ಟರೆ ಒಂದು ಹೊತ್ತಿನ ಝುಣಕಕ್ಕೆ ಸಾಮಾನಾಯಿತು. ನಮ್ಮದು ಅಷ್ಟು ರುಚಿಯ ಹೆಸರಲ್ಲ. ನಾವು ಕಿವುಡನ್ನವರ.

ಈ ಹೆಸರಿಗೆ ಒಂದು ಇತಿಹಾಸವಿದೆ. (ಇದೆ ಎಂದು ನಾನು ಹೇಳುತ್ತೇನೆ, ಇಲ್ಲ ಎಂದು ನನ್ನ ಹೆಂಡತಿ ಭಾಗವ್ವ ಹೇಳುತ್ತಾಳೆ. ಓದುಗರು ವಯಸ್ಸಿಗೆ ಮರ್ಯಾದೆ ಕೊಡಬೇಕು.) ನಮ್ಮ ಮುತ್ತಜ್ಜನ ಮುತ್ತಜ್ಜ ಗಲಗಲಿಯ ಹೊಳೆದಂಡೆಯಲ್ಲಿ ಹೊಲ ಹೊಡೆಯುತ್ತಿದ್ದಾಗ ಕೃಷ್ಣೆಗೆ ಮಹಾಪೂರ ಬಂತು. ಊರಿಗೆ ಊರೇ ದಂಡೆಯ ಮೇಲೆ ನಿಂತು "ಓಡೋ, ಓಡೋ" ಎಂದು ಬಾಯಿ ಬಡಿದುಕೊಂಡಿತು. ಅವನಿಗೆ ಕೇಳಿಸಲಿಲ್ಲ. ನೀರು ಏರಿತು, ಎತ್ತು ಈಜಿದವು, ಅಜ್ಜ ನೇಗಿಲು ಬಿಡಲಿಲ್ಲ. ಹೊಳೆಯ ನಡುವೆಯೇ ಸಾಲು ಹೊಡೆಯುತ್ತ ಆಚೆ ದಂಡೆ ಮುಟ್ಟಿ, ಅಲ್ಲಿ ಯಾರದೋ ಹೊಲವನ್ನೂ ಒಂದಿಷ್ಟು ಹೊಡೆದುಕೊಟ್ಟು, ಸಂಜೆಗೆ ಬುತ್ತಿ ಕೇಳಿದನಂತೆ. ಪೂರ ಇಳಿದ ಮೇಲೆ ನೋಡಿದರೆ ಹೊಳೆಯ ತಳದಲ್ಲಿ ಸಾಲು ಮೂಡಿತ್ತು. ಆ ವರ್ಷ ಗಲಗಲಿಯಲ್ಲಿ ಮೀನುಗಳೂ ಸಾಲು ಹಿಡಿದೇ ಹೋಗುತ್ತಿದ್ದವು.

ಅಂಥ ಮಹಾಪುರುಷನ ಹೆಸರು ಈಗ ನನ್ನ ಮೊಮ್ಮಗಳ ಅನ್ನದಲ್ಲಿ ಕಲ್ಲು ಹಾಕಿತು. ಹೆಸರು ಹಾಕಿತೋ, ಆ ಹೆಸರು ಹೊತ್ತ ಮುದುಕ ಹಾಕಿದನೋ ಎಂಬುದರ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು ನನ್ನದು. ಇನ್ನೊಂದು ಉಳಿದ ಎಲ್ಲರದು.

ನಾನು ಚನಮಲ್ಲಪ್ಪ, ಮುಧೋಳ ಬಸ್ ಸ್ಟ್ಯಾಂಡಿನ ನಿವೃತ್ತ ಕಂಟ್ರೋಲರ್. ಬಾಯಲ್ಲಿ ಹಲ್ಲು ಗಟ್ಟಿ ಇದ್ದಾಗಿನಿಂದ ಹಲ್ಲು ಉದುರುವ ತನಕ ಮೈಕಿನ ಮುಂದೆ ಕೂತು "ಜಮಖಂಡಿ, ರಬಕವಿ, ಬನಹಟ್ಟಿ" ಎಂದು ಕೂಗಿದವನು. ನನ್ನ ಕೂಗಿಗೆ ಊರು ದಾಟಿದ ಬಸ್ಸು ಕೂಡ ಹೊರಳಿ ಬರುತ್ತಿತ್ತು. (ಡ್ರೈವರ್ ತನ್ನ ಬುತ್ತಿ ಮರೆತಿದ್ದ ಎಂದು ಭಾಗವ್ವ ಹೇಳುತ್ತಾಳೆ. ಈಕೆ ಯಾವ ಇತಿಹಾಸವನ್ನೂ ನೆಟ್ಟಗೆ ನಿಲ್ಲಗೊಡುವವಳಲ್ಲ.) ಅಷ್ಟು ವರ್ಷ ಹಾರ್ನು ಕೇಳಿ ಕೇಳಿ ನಿಮ್ಮ ಕಿವಿ ಹೋಗಿದೆ ಎಂಬುದು ಅವಳ ಇನ್ನೊಂದು ಆರೋಪ. ಶುದ್ಧ ಸುಳ್ಳು. ಈಗಿನ ಮಂದಿಯ ಮಾತಿನಲ್ಲಿ ಕಸುವಿಲ್ಲ, ಅಷ್ಟೆ.

ಮೊಮ್ಮಗಳ ಹೆಸರು ರಾಜಶ್ರೀ. ನನ್ನ ಮಗ ಸಂಜಯನ ಮಗಳು. ಹುಟ್ಟುವಾಗಲೇ ಬಲಗಾಲು ಸಣ್ಣದು. ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು, ಮೊಣಕೈಗೆ ಸಿಕ್ಕಿಸುವ ಕೋಲು ಹಿಡಿದು ನಡೆಯುತ್ತಾಳೆ. ಚಿಕ್ಕವಳಿದ್ದಾಗ ಅವಳನ್ನು ಒಂದು ದೊಡ್ಡ ಶಾಲೆಗೆ ಸೇರಿಸಲು ಕರೆದುಕೊಂಡು ಹೋಗಿದ್ದೆ. (ಯಾವ ಶಾಲೆ ಎಂದು ಹೇಳುವುದಿಲ್ಲ.) ಕ್ಲಾಸು ಮೇಲಿನ ಮಾಳಿಗೆಯಲ್ಲಿದೆ, ಬೇರೆ ಕಡೆ ನೋಡಿ ಎಂದರು. ದಿನಾ ನಾನೇ ಹೊತ್ತು ತಂದು ಮೇಲೆ ಕೂಡಿಸುತ್ತೇನೆ ಎಂದೆ. ಹೆಡ್‌ಮಾಸ್ತರರು ಕನ್ನಡಕ ತೆಗೆದು, "ಅಜ್ಜಂದಿರಿಗೆ ನಮ್ಮಲ್ಲೆ ಅಡ್ಮಿಶನ್ ಇಲ್ಲರಿ" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ಮಾತು ಚೆನ್ನಾಗಿತ್ತು, ನಾನೂ ನಕ್ಕೆ. ರಾಜಶ್ರೀ ನಗಲಿಲ್ಲ.

ಅವಳು ಮುಂದೆ ಲಾ ಓದಿ ವಕೀಲಳಾದಳು. ಹೋದ ವರ್ಷ ಒಂದು ಸಂಜೆ ಕೋರ್ಟಿನಿಂದ ಬಂದವಳು ಬೂಟೂ ಬಿಚ್ಚದೆ ನನ್ನ ಮುಂದೆ ಕೂತಳು.

"ಮುತ್ಯಾ, ಕೇಳಿಲ್ಲೆ. ವಿಕಲಚೇತನರ ಹಕ್ಕು ಜಾರಿ ಅಧಿಕಾರಿ ಅಂತ, ಜಿಲ್ಲಾಕ್ಕ ಎರಡ ಪೋಸ್ಟ್ ಕರದಾರ. ಸರಕಾರಿ ನೌಕರಿ."

"ಜಾರಿ ಅಧಿಕಾರಿ ಅಂದ್ರ? ಜಾರಿ ಬಿದ್ದವರನ್ನ ಎತ್ತೋ ಅಧಿಕಾರಿ ಏನ ಬೇ?"

"ಜಾರಿ ಬೀಳೂಹಂಗ ಕಟ್ಟಡ ಕಟ್ಟಿದವರಿಗೆ ನೋಟೀಸ ಕೊಡೋ ಅಧಿಕಾರಿ."

ಆಮೇಲೆ ಬೂಟಿನ ಪಟ್ಟಿ ಬಿಚ್ಚುತ್ತ, ನನ್ನ ಕಡೆ ನೋಡದೆ ಹೇಳಿದಳು: "ಒಂದ ನೋಟೀಸ ಸಾಕ ಮುತ್ಯಾ. ನನ್ನ ಸಹಿ ಇದ್ದದ್ದು. ಆ ಮಾಳಿಗಿ ಸಾಲಿಗೆ ಹೋಗಬೇಕು. ಆಮ್ಯಾಲ ನಾ ಯಾರಿಗೂ ಏನೂ ಬೇಡೂದಿಲ್ಲ."

ಎರಡು ಹುದ್ದೆಯಲ್ಲಿ ಒಂದು ಚಲನವೈಕಲ್ಯ ಇದ್ದವರಿಗೆ, ಒಂದು ಶ್ರವಣದೋಷ ಇದ್ದವರಿಗೆ ಮೀಸಲು. ಮನೆಮಾತಿನಲ್ಲಿ ಹೇಳುವುದಾದರೆ ಒಂದು ಕಾಲಿನ ಹುದ್ದೆ, ಒಂದು ಕಿವಿಯ ಹುದ್ದೆ. ಕಾಲಿನ ಹುದ್ದೆಗೆ ನಮ್ಮ ಹುಡುಗಿಯಷ್ಟು ಓದಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ ಎಂದು ಅವಳ ಸೀನಿಯರ್ ವಕೀಲರೇ ಹೇಳಿದ್ದರು. ಮನೆಯಲ್ಲಿ ಅಂದು ಹೋಳಿಗೆ. ಆಹಾ, ಆ ಹೋಳಿಗೆ! ಆಮೇಲೆ ಈ ಮನೆಯಲ್ಲಿ ಬೇಳೆ ಬೆಂದದ್ದು ಸಾರಿಗೆ ಮಾತ್ರ.

ಅರ್ಜಿ ಆನ್‌ಲೈನ್. ಕಡೆಯ ದಿನ ಬಂದರೂ ಸರ್ವರ್ ಎಂಬ ಮಹಾರಾಯ ಏಳಲೊಲ್ಲ. ರಾಜಶ್ರೀ ಆ ದಿನ ಸೀನಿಯರ್ ಜೊತೆ ಕೇಸಿಗೆಂದು ಧಾರವಾಡಕ್ಕೆ ಹೋಗಿದ್ದಳು. ಕಾಗದಪತ್ರವೆಲ್ಲ ಆನ್‌ಲೈನ್ ಸೆಂಟರಿನ ಅಮೋಲನಿಗೆ ವಾಟ್ಸಾಪಿನಲ್ಲಿ ಕಳಿಸಿಯಾಗಿತ್ತು. ಅವಳು ಮನೆಗೆ ಫೋನ್ ಮಾಡಿದಳು. ಎತ್ತಿದವನು ನಾನು.

"ಸರ್ವರ್ ಬಂದ ಮ್ಯಾಲ ಅಮೋಲ ನನಗ ಫೋನ್ ಮಾಡತಾನ. ನೀ ಮಾತ್ರ ಹೋಗಬ್ಯಾಡ ಮುತ್ಯಾ," ಎಂದಳು. ಹಾಗೆ ಅಂದಳೆಂದು ಈಗ ಎಲ್ಲರೂ ಹೇಳುತ್ತಾರೆ. ನನಗೆ ಅಂದು ಕೇಳಿಸಿದ್ದು "ನೀ ಮಾತ್ರ ಹೋಗಬೇಕ ಮುತ್ಯಾ" ಎಂದು. (ಬ್ಯಾಡ, ಬೇಕ. ಎರಡೂ 'ಬ'ದಿಂದಲೇ ಶುರುವಾಗುತ್ತವೆ. ಮೊದಲ ಅಕ್ಷರವನ್ನು ನಾನು ಸರಿಯಾಗಿಯೇ ಕೇಳಿದ್ದೆ.)

"ಏನಂದ್ಲು?" ಎಂದು ಭಾಗವ್ವ ಒಳಗಿಂದ ಬಂದಳು.

"ನಾನ ಹೋಗಬೇಕಂತ. ಬ್ಯಾರೆ ಯಾರೂ ಬ್ಯಾಡಂತ."

"ನೀವ? ಆ ಹುಡಿಗಿ ತಲಿ ನೆಟ್ಟಗೈತೋ ಇಲ್ಲೋ?"

ನಾನು ಟೊಪ್ಪಿಗೆ ಹಾಕಿಕೊಂಡು ಹೊರಟೆ. ವೀರರು ಹೆಂಡಂದಿರ ಜೊತೆ ವಾದಕ್ಕೆ ನಿಲ್ಲುವುದಿಲ್ಲ.

ಅಮೋಲ ಬನಹಟ್ಟಿಯಿಂದ ಬಂದು ಹೊಸದಾಗಿ ಅಂಗಡಿ ಹಾಕಿದ ಮನುಷ್ಯ. ನಮ್ಮ ಹುಡುಗಿಯನ್ನು ಫೋನಿನಲ್ಲಿ ಬಲ್ಲನೇ ಹೊರತು ಕಣ್ಣಾರೆ ಕಂಡವನಲ್ಲ. ಅಂಗಡಿಯ ತುಂಬ ರೇಷನ್ ಕಾರ್ಡಿಗೆ ಬೆರಳೊತ್ತುವ ಮಂದಿ, ಬಾಗಿಲಲ್ಲಿ ಜನರೇಟರು. ಜನರೇಟರಿನ ಆರ್ಭಟಕ್ಕೆ ಗೋಡೆಯ ಮೇಲಿನ ದೇವರ ಫೋಟೋಗಳು ಕೂಡ ಕಣ್ಣು ಮುಚ್ಚಿಕೊಂಡಿದ್ದವು.

"ಛಲೋ ಬಂದ್ರಿ ಅಜ್ಜಾರ! ಸರ್ವರ್ ಈಗಷ್ಟ ಬಂದೈತಿ, ಎಲ್ಲಾ ತುಂಬೀನಿ, ಒಂದ ಉಳದೈತಿ. ಅಕ್ಕಾರ ಫೋನ್ ಹತ್ತವಲ್ದು."

"ಕೋರ್ಟಿನಾಗ ಇರತಾಳ. ಫೋನ್ ಬಂದ್ ಇರತೈತಿ. ಏನ ಕೇಳೂದೈತಿ ನನ್ನ ಕೇಳು."

"ಅಕ್ಕಾರು ಯಾವುದರಾಗ ಬರತಾರ್ರಿ?"

"ಬಸ್ಸಿನ್ಯಾಗ ಬರತಾಳ. ಧಾರವಾಡದಿಂದ."

"ಅಲ್ಲರೀ!" ಎಂದು ಅವನು ಹಣೆ ಒರೆಸಿಕೊಂಡ. "ಸರ್ಟಿಫಿಕೇಟ ತಗದ ನೋಡಾಕ ಹೋದ್ರ ಈ ಪೇಜ ಹಾರಿ ಹೋಗತೈತಿ. ಲಗೂನ ಹೇಳ್ರಿ. ಯಾ ಪೈಕಿ? ಅಕ್ಕಾರು ಯಾ ಪೈಕಿ?"

ಇಲ್ಲಿ ಓದುಗರು ದಯವಿಟ್ಟು ನನ್ನ ಕಡೆ ನಿಲ್ಲಬೇಕು. ನಮ್ಮ ಸೀಮೆಯಲ್ಲಿ 'ಯಾ ಪೈಕಿ' ಎಂದು ಕೇಳಿದರೆ ಅದಕ್ಕೆ ಒಂದೇ ಅರ್ಥ: ಯಾವ ಮನೆತನ, ಯಾರ ಬಳಗ. ಹೆಣ್ಣು ನೋಡಲು ಬಂದವರೂ ಅದನ್ನೇ ಕೇಳುತ್ತಾರೆ, ಹೆಣ ನೋಡಲು ಬಂದವರೂ ಅದನ್ನೇ ಕೇಳುತ್ತಾರೆ. ಸರ್ಕಾರ 'ಕಾಲು, ಕಿವಿ, ಕಣ್ಣು ಇವುಗಳ ಪೈಕಿ' ಎಂಬ ಅರ್ಥದಲ್ಲಿ ಕೇಳುತ್ತಿದೆ ಎಂದು ಮನೆತನಸ್ಥನಾದ ಮನುಷ್ಯನಿಗೆ ಹೇಗೆ ಹೊಳೆಯಬೇಕು? ನಾನು ಎದೆ ಉಬ್ಬಿಸಿ, ಜನರೇಟರು ನಾಚುವಂತೆ ಕೂಗಿದೆ:

"ಕಿವುಡನ್ನವರ ಪೈಕಿ!"

ಅಂಗಡಿಯ ಮಂದಿಯೆಲ್ಲ ಹೊರಳಿ ನೋಡಿದರು. ಅಮೋಲ ನನ್ನ ಕಿವಿಯ ಹತ್ತಿರ ಬಾಗಿ, "ಹಂಗ ಚೀರಬಾರದ್ರಿ ಅಜ್ಜಾರ. ಶ್ರವಣದೋಷ ಅನಬೇಕಂತ ಐತಿ ಇಲ್ಲೆ," ಎಂದ.

"ಶ್ರಾವಣಾ ಮುಗದು ಭಾಳ ದಿನಾ ಆತಪ್ಪಾ," ಎಂದೆ ನಾನು.

ಅವನು ಬೆರಳಲ್ಲಿ ಏನನ್ನೋ ಒತ್ತಿದ. ಮೊಮ್ಮಗಳ ಕಾಲು ಕಿವಿಯ ಪಾಲಾದ ಆ ಸದ್ದು ಬಹಳ ಸಣ್ಣದಿದ್ದಿರಬೇಕು. ನನಗೆ ಕೇಳಿಸಲಿಲ್ಲ. ದಾರಿಯಲ್ಲಿ ಒಂದು ಪಾವು ಕರದಂಟು ಕಟ್ಟಿಸಿಕೊಂಡು, ರಾಜ್ಯ ಗೆದ್ದವನ ಹಾಗೆ ಮನೆಗೆ ಬಂದೆ.

ಸಂದರ್ಶನದ ಕರೆ ಬಂದ ದಿನ ರಾಜಶ್ರೀ ಅದನ್ನು ಫೋನಿನಲ್ಲಿ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, "ಮುತ್ಯಾ, ಅಮೋಲ ನಿನಗ ಏನ ಕೇಳಿದ? ನೀ ಏನಂದಿ?" ಎಂದಳು. ನಾನು ಹೇಳಿದೆ. 'ಪೈಕಿ' ಎಂಬ ಮಾತಿಗೆ ಬಂದಾಗ ಅವಳು ಕಣ್ಣು ಮುಚ್ಚಿದಳು. ಬೈದಿದ್ದರೆ ಅಂದು ನಾನು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದೆ. ಬೈಯಲಿಲ್ಲ. ಬೈಯುವ ಕೆಲಸವನ್ನು ಭಾಗವ್ವ ವಹಿಸಿಕೊಂಡಳು, ಮತ್ತು ಆ ಹುದ್ದೆಗೆ ಯಾವ ಸಂದರ್ಶನವೂ ಇಲ್ಲ.

ತಿದ್ದಿಸೋಣವೆಂದು ಜಿಲ್ಲಾ ಕಚೇರಿಗೆ ಹೋದೆವು. ಬಾಗಿಲಲ್ಲಿ ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿದ್ದರು. ಅದು ಎಷ್ಟು ಕಡಿದಾಗಿತ್ತೆಂದರೆ, ಅದನ್ನು ಹತ್ತಿದವನಿಗೆ ಕಾಲು ಗಟ್ಟಿ ಇದೆಯೆಂದು ಅಲ್ಲೇ ಸರ್ಟಿಫಿಕೇಟು ಕೊಟ್ಟು ವಾಪಸು ಕಳಿಸಬಹುದು. ರಾಜಶ್ರೀ ಕೋಲು ಊರಿ, ಹಲ್ಲು ಕಚ್ಚಿ ಹತ್ತಿದಳು. ಒಳಗಿದ್ದ ಗುಮಾಸ್ತರು ಒಳ್ಳೆಯ ಮನುಷ್ಯರೇ. ನನಗೆ ಕುರ್ಚಿ ಕೊಟ್ಟರು, ನನ್ನ ಸಲುವಾಗಿ ಗಟ್ಟಿಯಾಗಿಯೂ ಮಾತಾಡಿದರು.

"ಕಿವಿ ಛಲೋ ಅದಾವಂತ ಡಾಕ್ಟರ ಸರ್ಟಿಫಿಕೇಟ ತರ್ರಿ," ಎಂದರು.

"ತಂದ್ರ ಕಾಲಿನ ಲಿಸ್ಟಿಗೆ ಹಾಕತೀರೇನ್ರಿ?" ಎಂದಳು ರಾಜಶ್ರೀ.

"ಇಲ್ಲರಿ. ಕಾಲಿನ ಲಿಸ್ಟ ಬಂದ್ ಆಗೇತಿ."

"ಮತ್ತ ಸರ್ಟಿಫಿಕೇಟ ಯಾಕ್ರಿ?"

"ಕಿವಿ ಲಿಸ್ಟಿನಿಂದ ತಗಿಯಾಕರಿ."

ನನಗೆ ತಡೆಯಲಾಗಲಿಲ್ಲ. "ಕಾಲಿನ ಲಿಸ್ಟಿನಾಗ ಯಾರ್ಯಾರ ಅದಾರ್ರಿ ಸಾಹೇಬ್ರ?"

"ಯಾರೂ ಇಲ್ಲರಿ ಅಜ್ಜಾರ."

"ಯಾರೂ ಇಲ್ಲದ ಲಿಸ್ಟ ಯಾಕ ಬಂದ್ ಮಾಡೀರಿ?"

"ಯಾರೂ ಇಲ್ಲಂತನ ಬಂದ್ ಮಾಡೇವ್ರಿ."

ನಾನು ಅವರ ಕಾಲಿಗೆ ಬಿದ್ದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಲೂ ಕಿವಿಯೂ ಈ ಸರ್ಕಾರದಲ್ಲಿ ಬೇರೆ ಬೇರೆ ಖಾತೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಕೂತಿದ್ದಳು. ಏನಾದರೂ ಹೇಳಿ ನಗಿಸೋಣವೆಂದು, ಒಂದು ಸಲ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕಬ್ಬು ಎಳೆದು ತಿನ್ನುತ್ತ ಹೋದ ಹುಡುಗ ಫ್ಯಾಕ್ಟರಿ ಮುಟ್ಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಬಂದು ಇಳಿದ ಕತೆ ಹೇಳಿದೆ. ಹಿಂದಿನ ಸೀಟಿನವರು ನಕ್ಕರು.

ಮನೆಗೆ ಬಂದ ಮೇಲೆ ನನಗೊಂದು ಅಮೋಘ ಉಪಾಯ ಹೊಳೆಯಿತು. ಕಿವಿ ಮತ್ತೆ ಕಾಲಾಗುವುದಿಲ್ಲ, ಸರಿ. ಆದರೆ ಕಿವಿಯ ಹುದ್ದೆ ಇನ್ನೂ ಇದೆಯಲ್ಲ? ಕರೆಯೂ ಬಂದಿದೆಯಲ್ಲ?

"ರಾಜಿ, ಇಲ್ಲೆ ಬಾರವ್ವ. ನೀ ಇಂಟರವ್ಯೂದಾಗ ಕೇಳಸೂದಿಲ್ಲಂತ ಸುಮ್ನ ಕುಂದರು. ಯಾರ ಏನಂದ್ರೂ ತಿರಗಬ್ಯಾಡ."

"ಮುತ್ಯಾ! ಇಲ್ಲದ ವೈಕಲ್ಯ ಐತಂತ ಹೇಳಿ ಸವಲತ್ತ ತಗೊಂಡ್ರ ಜೇಲ ಐತಿ. ಅದ ಕಾಯ್ದೆ ಜಾರಿ ಮಾಡೋ ನೌಕರಿಗೆ ಅದನ್ನ ಮುರಕೊಂಡ ಹೋಗಲಿ?"

"ನೀ ಎಲ್ಲಿ ಹೇಳತಿ? ಸುಮ್ನ ಕುಂದರತಿ. ಸುಮ್ನ ಕುಂದ್ರೂದಕ್ಕ ಯಾ ಕಾಯ್ದೇದಾಗ ಜೇಲ ಐತಿ? ಹಂಗಿದ್ರ ಕಚೇರಿಯವ್ರೆಲ್ಲಾ ಒಳಗಿರಬೇಕಿತ್ತು."

"ಅಲ್ಲೆ ಖರೇನ ಕೇಳಸದ ಯಾರೋ ಒಬ್ಬಾಕಿ ಕಾಯಕೋತ ಕುಂತಿರತಾಳ. ಆಕಿ ಅನ್ನಾ ನಾ ಉಣ್ಣಲೇನ?"

ಉತ್ತರವಿಲ್ಲದಾಗ ನಾನು ಉಪನ್ಯಾಸ ಮಾಡುತ್ತೇನೆ. ಎಂಥ ಸದ್ದಾದರೂ ತಿರುಗದೆ ಕೂಡುವುದು ಹೇಗೆ, ಹುಬ್ಬು ಹೇಗಿರಬೇಕು, ಕಣ್ಣು ಎಲ್ಲಿರಬೇಕು ಎಂದು ಎದುರಿಗೆ ಕೂತು ಸವಿಸ್ತಾರವಾಗಿ ಹೇಳತೊಡಗಿದೆ. ಅವಳು ಒಮ್ಮೆಲೆ ಬೆಚ್ಚಿ ಕುರ್ಚಿಯಿಂದ ಎದ್ದುಬಿಟ್ಟಳು. ಜಂತಿಯ ಪಾರಿವಾಳಗಳು ಹಾರಿಹೋದವು. ಓಣಿಯಲ್ಲಿ ಮಲಗಿದ್ದ ಬೇಟೆನಾಯಿಯೊಂದು ಬಾಲ ಒಳಗೆ ಮಾಡಿಕೊಂಡು ಓಡಿತು. ನಾನು ಹುಬ್ಬಿನ ವಿಷಯ ಮುಗಿಸಿ ಕಣ್ಣಿನ ವಿಷಯಕ್ಕೆ ಬರುತ್ತಿದ್ದೆ. ಏನಾಯಿತೆಂದು ಹಿಂತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆಯೇ ಭಾಗವ್ವ. ರೊಟ್ಟಿ ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ಆಳೆತ್ತರದಿಂದ ನೆಲಕ್ಕೆ ಬಿಟ್ಟಿದ್ದಳು. ಅದು ಇನ್ನೂ ತಿರುಗುತ್ತಿತ್ತು.

"ತಗೋ," ಎಂದಳು ಮೊಮ್ಮಗಳಿಗೆ. "ನೀ ನಪಾಸು. ನಿಮ್ಮ ಮುತ್ಯಾ ಪಾಸಾದ."

ರಾಜಶ್ರೀಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಆದರೆ ಅದು ಪೂರ್ತಿ ಮುಗಿಯುವ ಮೊದಲೇ ನಿಂತಿತು. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಯಾವಾಗಿಂದ ಹಿಂಗ ಮುತ್ಯಾ?" ಎಂದಳು.

"ನನಗ ಎಲ್ಲಾ ಕೇಳಸತೈತಿ," ಎಂದೆ. "ಬೇಕಾದ್ದು ಕೇಳಸತೈತಿ."

ಇದ್ದದ್ದನ್ನು ಇದ್ದ ಹಾಗೆ ಹೇಳಿ, ಖಾಲಿ ಇರುವ ಕಾಲಿನ ಹುದ್ದೆಗೆ ತನ್ನನ್ನು ಪರಿಗಣಿಸಿ ಎಂದು ಕೇಳುವುದು ಎಂದು ಅವಳು ತೀರ್ಮಾನಿಸಿದಳು. ಸಂದರ್ಶನದ ದಿನ ಜೊತೆಗೆ ನಾನು ಹೊರಟೆ. ಬೇಡವೆಂದು ಎಲ್ಲರೂ ಹೇಳಿದರಂತೆ. ನನಗೆ ಬೇಕೆಂದೇ ಕೇಳಿಸಿತು.

ಒಳಗೆ ಒಬ್ಬ ದೊಡ್ಡ ಮೇಡಂ, ಒಬ್ಬ ಡಾಕ್ಟರು, ಸನ್ನೆಭಾಷೆಯಲ್ಲಿ ಕೈಯಾಡಿಸುವ ಒಬ್ಬ ಹುಡುಗಿ. ನಾನು ಹೊರಗೆ ಬೆಂಚಿನ ಮೇಲೆ. ಬಾಗಿಲಿನ ಗಾಜಿನಲ್ಲಿ ಎಲ್ಲ ಕಾಣುತ್ತಿತ್ತು. ಸನ್ನೆಯ ಹುಡುಗಿ ರಾಜಶ್ರೀಗೆ ಕೈಯಲ್ಲಿ ಪ್ರಶ್ನೆ ಕೇಳಿದಳು. ರಾಜಶ್ರೀ ಬಾಯಲ್ಲಿ ಉತ್ತರ ಹೇಳಿದಳು. ಹುಡುಗಿಯ ಕೈ ಗಾಳಿಯಲ್ಲೇ ನಿಂತಿತು. ಮೇಡಂ ಕಾಗದ ತಿರುವಿದರು, ಕಾಲು ನೋಡಿದರು, ಮತ್ತೆ ಕಾಗದ ನೋಡಿದರು. ಅವರ ಮುಖ ಬಿಗಿಯಾಯಿತು. ಒಂದು ಮಾತನ್ನು ಎರಡೆರಡು ಸಲ ಕೇಳುತ್ತಿದ್ದರು, ನಮ್ಮ ಹುಡುಗಿ ತಲೆ ತಗ್ಗಿಸಿದ್ದಳು. ಅಜ್ಜನಾದವನು ಬೆಂಚಿನ ಮೇಲೆ ಎಷ್ಟು ಹೊತ್ತು ಕೂತಾನು? ಬಾಗಿಲು ದೂಡಿಕೊಂಡು ಒಳಗೆ ಹೋಗಿ ಕೈಮುಗಿದು ನಿಂತೆ.

"ನಾನ್ರಿ ಈಕಿ ಮುತ್ಯಾ. ಏನ ಕೇಳೂದೈತಿ ನನ್ನ ಕೇಳ್ರಿ."

ಮೇಡಂ ನನ್ನ ಕಡೆ ತಿರುಗಿದರು. ಮೆಲುದನಿಯ ಹೆಂಗಸು. "ತುಂಬಿದ್ದು ಯಾರು?" ಎಂದರಂತೆ. ಅರ್ಜಿ ತುಂಬಿದ್ದು. ನನಗೆ 'ತುಂಬಿದ್ದು' ಎಂಬುದು ಸ್ಪಷ್ಟವಾಗಿ ಕೇಳಿಸಿತು, ಉಳಿದದ್ದನ್ನು ನಾನೇ ತುಂಬಿಕೊಂಡೆ. ಅಡ್ಡಹೆಸರಿನ ವಿಷಯವಾದ್ದರಿಂದ ಹೊಳೆ ತುಂಬಿದ್ದು ಯಾವಾಗ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ.

"ಹೊಳಿ ತುಂಬಿದ್ದು ಭಾಳ ಹಿಂದರಿ, ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲಕ್ಕ," ಎಂದು ಶುರು ಮಾಡಿದೆ. ನೇಗಿಲು, ಎತ್ತು, ಆಚೆ ದಂಡೆ, ಬುತ್ತಿ, ಮೀನಿನ ಸಾಲು, ಒಂದೂ ಬಿಡಲಿಲ್ಲ. ಈ ಸಲ ಮೊಸಳೆಯೊಂದು ಬಂದು ನೊಗಕ್ಕೆ ಹೆಗಲು ಕೊಟ್ಟದ್ದನ್ನೂ ಸೇರಿಸಿದೆ. ಸನ್ನೆಯ ಹುಡುಗಿ ರೂಢಿಬಲದಿಂದ ಅದನ್ನೆಲ್ಲ ಕೈಯಲ್ಲಿ ಆಡಿಸತೊಡಗಿದಳು. ನನ್ನ ಮೊಸಳೆ ಅಷ್ಟು ಚೆನ್ನಾಗಿ ಹಿಂದೆಂದೂ ಈಜಿರಲಿಲ್ಲ. ಡಾಕ್ಟರು ನಕ್ಕರು. ಮೇಡಂ ಕೂಡ ಬಾಯಿಗೆ ಕೈ ಅಡ್ಡ ಹಿಡಿದರು. ಸಭೆ ಗೆದ್ದೆ ಎಂದುಕೊಂಡೆ. ರಾಜಶ್ರೀ ಮಾತ್ರ ಮೇಡಮ್ಮನವರಿಗೆ ಮೆಲ್ಲಗೆ ಏನೋ ಹೇಳಿದಳು, ಅವರು ಕೊಟ್ಟ ಕಾಗದದ ಮೇಲೆ ಏನೋ ಬರೆದು ಸಹಿ ಮಾಡಿದಳು. ಡಾಕ್ಟರು ನನ್ನ ಕಿವಿಯ ಹತ್ತಿರ ಕಬ್ಬಿಣದ ಚಿಮಟಿಗೆಯಂಥದನ್ನು ಬಡಿದು ಹಿಡಿದು, ಒಂದು ಚೀಟಿ ಬರೆದುಕೊಟ್ಟರು.

ಹೊರಗೆ ಬಂದ ಮೇಲೆ, "ಏನ ಬರದಿ ಬೇ?" ಎಂದೆ.

ಅವಳು ಬೇಕಾದಷ್ಟು ಗಟ್ಟಿಯಾಗಿ ಹೇಳಿದಳು: "ಕಂಪ್ಯೂಟರಿನ ತಪ್ಪಂತ ಬರಕೊಂಡ್ರು ಮುತ್ಯಾ. ನೋಡೂನು ಅಂದ್ರು."

ಅವತ್ತಿನಿಂದ ಮುಧೋಳದಲ್ಲಿ ನನ್ನ ಭಾಷಣ ಕೇಳದ ಕಟ್ಟೆ ಉಳಿಯಲಿಲ್ಲ. ಸುಳ್ಳು ಅರ್ಜಿಯೆಂದು ಹುಡುಗಿಯ ಮೇಲೆ ಕೇಸು ಬೀಳುವುದಿತ್ತು, ನಾನು ಒಳನುಗ್ಗಿ ಮಾತಾಡಿದೆ, ಅಧಿಕಾರಿಗಳು ಕಣ್ಣೀರು ಹಾಕಿದರು, ಮೇಡಂ ನನಗೆ ಚಹ ತರಿಸಿದರು. (ಚಹ ತರಿಸಿದ್ದನ್ನು ಎರಡನೆಯ ದಿನ ಸೇರಿಸಿದ್ದು.) ಭಾಗವ್ವ ಇದನ್ನೆಲ್ಲ ಕೇಳಿಯೂ ಅಡ್ಡಮಾತಾಡಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಫಲಿತಾಂಶ ಬಂತು. ಕಿವಿಯ ಹುದ್ದೆ ಬೀಳಗಿ ಕಡೆಯ ಒಬ್ಬ ಹುಡುಗಿಗೆ ಹೋಯಿತು. ನಿಜವಾಗಿ ಕೇಳಿಸದ ಹುಡುಗಿ, ಒಳ್ಳೆಯ ಮಾರ್ಕಿನವಳು. ಆಗಬೇಕಾದದ್ದೇ ಆಯಿತು ಎಂದಳು ರಾಜಶ್ರೀ. ಕಾಲಿನ ಹುದ್ದೆಯ ಮುಂದೆ "ಅರ್ಹ ಅಭ್ಯರ್ಥಿ ಲಭ್ಯವಿಲ್ಲದ ಕಾರಣ ಖಾಲಿ ಉಳಿಸಲಾಗಿದೆ" ಎಂದಿತ್ತು. ಆ ಅರ್ಹ ಅಭ್ಯರ್ಥಿ ನಮ್ಮ ಪಡಸಾಲೆಯಲ್ಲಿ ಕೂತು ಅದನ್ನು ಓದಿದಳು. ಸಂಜಯ ಅಂದು ಉಣ್ಣದೆ ಫ್ಯಾಕ್ಟರಿಯ ಪಾಳಿಗೆ ಹೋದ. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಬೂಟು ಕಟ್ಟಿಕೊಂಡು ಕೋರ್ಟಿಗೆ ಹೊರಟಳು. ಅವಳ ಕೋಲಿನ ಟಕ್ ಟಕ್ ಓಣಿಯ ತುದಿಯವರೆಗೂ ಕೇಳಿಸುತ್ತಿತ್ತು ಎಂದು ಭಾಗವ್ವ ಹೇಳಿದಳು. ನನಗೆ ಬಾಗಿಲ ತನಕ ಮಾತ್ರ ಕೇಳಿಸಿತು.

ಸರ್ಕಾರದ ವಿನೋದ ನೋಡಿ. ಅರ್ಜಿ ಹಾಕಿದವಳಿಗೆ ಏನೂ ಸಿಗಲಿಲ್ಲ. ಜೊತೆಗೆ ಹೋದವನಿಗೆ ಎಲ್ಲ ಸಿಕ್ಕಿತು. ಡಾಕ್ಟರ ಚೀಟಿ ಹಿಡಿದು ರಾಜಶ್ರೀಯೇ ನನ್ನನ್ನು ಅಲ್ಲಿಗೆ ಇಲ್ಲಿಗೆ ಅಲೆದಾಡಿಸಿ, ನಾನು ಶ್ರವಣದೋಷದವನೆಂದು ಸರ್ಟಿಫಿಕೇಟು ಮಾಡಿಸಿದಳು. ಕಿವಿಗೆ ಹಾಕುವ ಯಂತ್ರವೂ ಬಂತು. ಬೇಡ ಬೇಡ ಎಂದೆ. ಈ ಸಲ ಕೇಳಿಸದವರು ಅವರು.

ಯಂತ್ರ ಹಾಕಿಕೊಂಡ ಮೇಲೆ ಗೊತ್ತಾಯಿತು, ನಮ್ಮ ಮನೆಯಲ್ಲಿ ಎಷ್ಟು ಗಲಾಟೆ! ಗಡಿಯಾರ ಟಿಕ್ ಟಿಕ್ ಅನ್ನುತ್ತದೆ. ನನ್ನ ಮೊಣಕಾಲು ಲಟ್ ಅನ್ನುತ್ತದೆ. ನಾನು ಕತೆ ಹೇಳುವಾಗ ಭಾಗವ್ವ ಇಷ್ಟು ವರ್ಷ 'ಹೂಂ' ಅನ್ನುತ್ತಾಳೆ ಎಂದು ತಿಳಿದಿದ್ದೆ. ಅದು 'ಹೂಂ' ಅಲ್ಲ, 'ಥೂ'.

ಹೋದ ವಾರ ಒಂದು ಸಂಜೆ ನಾನು ಪಡಸಾಲೆಯಲ್ಲಿ ಕೂತಿದ್ದೆ. ಒಳಗೆ ಅಡುಗೆಮನೆಯಲ್ಲಿ ಅಜ್ಜಿ, ಮೊಮ್ಮಗಳು. ಹಳೆಯ ರೂಢಿಯ ಮೇಲೆ ಬಾಗಿಲು ತೆರೆದಿಟ್ಟುಕೊಂಡೇ ಮಾತಾಡುತ್ತಿದ್ದರು.

"ಇವತ್ತೂ ಕಟ್ಟಿ ಮ್ಯಾಲ ಕುಂತ ಹೇಳಾಕತ್ತಿದ್ರು," ಇದು ಭಾಗವ್ವ. "ನಾ ಮಾತಾಡಿದ್ದಕ್ಕ ಕೇಸ ತಪ್ಪಿತು ಅಂತ. ಒಂದಿನಾ ನನ್ನ ಬಾಯಿ ತಡಿಯೂದಿಲ್ಲ ನೋಡು."

"ಬ್ಯಾಡ ಆಯಿ. ಹೇಳ್ಕೊಳ್ಳಲಿ ಬಿಡು."

"ಅಲ್ಲ ಬೇ, ತುಂಬಿದ್ದು ನಾನ ಅಂತ ನೀ ಯಾಕ ಸಹಿ ಮಾಡಬೇಕಿತ್ತು?"

"ಮುತ್ಯಾನ ಹೆಸರ ಹೇಳಿದ್ರ ಮುತ್ಯಾನ ಮ್ಯಾಲೂ ಅಮೋಲನ ಮ್ಯಾಲೂ ಕೇಸ ಹಾಕತಿದ್ರು. ತಪ್ಪ ಒಪ್ಕೊಂಡ್ನಂತ ನನಗ ಬರೇ ಇಷ್ಟಕ್ಕ ಬಿಟ್ಟಾರ."

"ಇಷ್ಟಕ್ಕ ಅಂದ್ರ? ಮೂರ ವರ್ಷ ಅರ್ಜಿ ಹಾಕೂಹಂಗಿಲ್ಲಂದ್ರ ಇಷ್ಟಕ್ಕ?"

ಚಹಕ್ಕೆ ಶುಂಠಿ ಜಜ್ಜುವ ಸದ್ದು ಕೇಳಿಸಿತು.

"ಆ ಹುದ್ದೆ ಮೂರ ವರ್ಷ ಖಾಲಿ ಇರೂದಿಲ್ಲ ಆಯಿ, ಗೊತ್ತೈತಿ. ಹೋಗಲಿ. ಮುತ್ಯಾಗ ಮಾತ್ರ ತಿಳೀಬಾರದು. ತಿಳದ್ರ ಮತ್ತ ಒಂದೂ ಕತಿ ಹೇಳೂದಿಲ್ಲ ಅಂವ."

ನಾನು ಹಾಗೇ ಕೂತಿದ್ದೆ. ಎದ್ದು ಒಳಗೆ ಹೋಗಿ ಏನಾದರೂ ಹೇಳಬೇಕೆನಿಸಿತು. ಏಳಹೋದರೆ ಮೊಣಕಾಲು ಲಟ್ ಎಂದಿತು; ಒಳಗೆ ಕೇಳಿಸೀತೆಂದು ಮತ್ತೆ ಕೂತೆ.

ಟಕ್ ಟಕ್ ಎಂದು ಕೋಲಿನ ಸದ್ದು ಹೊಸ್ತಿಲಿಗೆ ಬಂತು. "ಮುತ್ಯಾ, ಚಾ ಕುಡೀತಿ?" ಎಂದಳು ರಾಜಶ್ರೀ. ಗಟ್ಟಿಯಾಗಿ ಅಲ್ಲ, ಮನೆಯವರು ಮನೆಯವರನ್ನು ಕೇಳುವಷ್ಟೇ ದನಿಯಲ್ಲಿ. ಆ ಹೊತ್ತಿಗೆ ಚಹವಿಲ್ಲದೆ ನನ್ನ ಜೀವ ನಿಲ್ಲುವುದಿಲ್ಲ. ಆದರೆ ಇದು ಕೇಳಿಸಿತು ಎಂದರೆ ಅದೂ ಕೇಳಿಸಿತು ಎಂದೇ ಅರ್ಥ. ನಾನು ಎದುರಿನ ಗೋಡೆ ನೋಡಿದೆ.

"ಮುತ್ಯಾ!"

ಗೋಡೆಯನ್ನು ಇನ್ನಷ್ಟು ನೋಡಿದೆ.

"ಬ್ಯಾಟರಿ ಮುಗದೈತಿ ಕಾಣಸತೈತಿ ಆಯಿ," ಎಂದು ಅವಳು ಒಳಕ್ಕೆ ತಿರುಗಿ ಹೇಳಿದಳು. ಅವಳ ದನಿಯಲ್ಲಿ ಒಂದು ನಿರಾಳವಿತ್ತು. ಅದೂ ನನಗೆ ಕೇಳಿಸಿತು. "ನಾಳಿಗೆ ಹೊಸಾದ್ದ ತರತೀನಿ."

ಅಷ್ಟರಲ್ಲಿ ಹಿಂದಿನ ಮನೆಯ ಪದ್ಮವ್ವ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು.

"ಬಾ ಪದ್ಮವ್ವ, ಕುಂದರು," ಎಂದಳು ಭಾಗವ್ವ. "ಇವರಿಗೆ ಇವತ್ತ ಚಾ ಬ್ಯಾಡ ಕಾಣಸತೈತಿ. ಸುಮ್ನ ಯಾಕ ಆರತೈತಿ, ನೀನ ಕುಡಿ."

ಪದ್ಮವ್ವ ನನ್ನ ಎದುರಿಗೇ ಕಾಲು ಚಾಚಿ ಕೂತು, ನನ್ನದೇ ಕಪ್ಪಿನ ಶುಂಠಿ ಚಹವನ್ನು ಬಸಿಗೆ ಸುರಿದುಕೊಂಡು, ಸೊರ್ ಎಂದು ಕುಡಿಯತೊಡಗಿದಳು. ನಾನು ಗೋಡೆ ಬಿಟ್ಟು ಕಣ್ಣು ಅಲುಗಿಸಲಿಲ್ಲ. ಸರ್ಕಾರ ಕೊಟ್ಟ ಯಂತ್ರ ಬಹಳ ಒಳ್ಳೆಯದು. ಒಂದು ಗುಟುಕೂ ತಪ್ಪದೆ ಕೇಳಿಸಿತು.